ಗಿರಣಿ ತೊಳೆದ ಹಿಟ್ಟು

ಗೋಧಿ ನನ್ನನ್ನು ನುಂಗುತ್ತಿತ್ತು!

ನಗಬೇಡಿ. ನಿಜವಾಗಿಯೂ ನುಂಗುತ್ತಿತ್ತು. ಮೊದಲು ಪಾದ... ಆಮೇಲೆ ಮೊಣಕಾಲು... ಈಗ ತೊಡೆ.

ಉಕ್ಕಿನ ದೊಡ್ಡ ಕಣಜ ಅದು. ಮನೆಯ ಮೇಲೆ ಮನೆ ಇಟ್ಟಷ್ಟು ಎತ್ತರ. ಒಳಗೆ ಅರ್ಧದಷ್ಟು ಗೋಧಿ. ಕೆಳಗೆಲ್ಲೋ ಮೋಟಾರು ತಿರುಗುತ್ತಿತ್ತು. ತಳದ ಬಾಯಿಂದ ಕಾಳು ಸೋರಿಹೋಗುತ್ತಿತ್ತು. ಕಾಳಿನ ಜೊತೆ ನಾನೂ! ಕಾಲೆತ್ತಿದಷ್ಟೂ ಒಳಕ್ಕೆ. ಕೂಗಿದಷ್ಟೂ ಬಾಯಿಗೆ ಧೂಳು.

ಒಳಗೋಡೆಯ ಕಬ್ಬಿಣದ ಏಣಿಯ ಕೊನೆಯ ಮೆಟ್ಟಿಲು ನನ್ನ ಎಡಗೈ ಬೆರಳ ತುದಿಗೆ ಸಿಕ್ಕಿತ್ತು. ನನ್ನ ಬೆರಳುಗಳನ್ನು ಅಷ್ಟು ಪ್ರೀತಿಯಿಂದ ನಾನು ಎಂದೂ ನೋಡಿದವಳಲ್ಲ.

ಮೇಲೆ, ಮುಚ್ಚಳದ ಬಾಯಲ್ಲಿ ಒಂದು ತಲೆ. ಕಂಪನಿಯ ಸೆಕ್ಯುರಿಟಿ ಮುಖ್ಯಸ್ಥ. ಎಂಥ ಸೆಕೆಯಲ್ಲೂ ಕತ್ತಿನ ಗಂಟು ಸಡಿಲಿಸದವನು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ‘ನೆಕ್‌ಟೈ’.

"ಅಕ್ಕಾ, ಒದ್ದಾಡಬೇಡಿ. ಒದ್ದಾಡಿದ್ರೆ ಬೇಗ ಒಳಗೆ ಹೋಗ್ತೀರಿ."

"ದೊಡ್ಡ ಉಪಕಾರ ಆಯ್ತು ಕಣೋ! ಮೋಟಾರ್ ನಿಲ್ಸು!"

"ನಂದೇನೂ ಇಲ್ಲ ಅಕ್ಕಾ. ಮ್ಯಾನೇಜರ್ ಹೇಳಿದ್ದು."

"ಅಲ್ಲಿ ಮಕ್ಕಳು ಸಾಯ್ತಾರೆ!"

ಅವನು ಕತ್ತಿನ ಗಂಟು ಮುಟ್ಟಿ ನೋಡಿಕೊಂಡ.

"ನಿಂತು ನೋಡೋಕೆ ನನ್ನ ಕೈಲಾಗಲ್ಲ," ಎಂದ.

ಧಡ್! ಮುಚ್ಚಳ ಬಿತ್ತು.

ಕತ್ತಲೆ. ಕಾಳಿನ ಸದ್ದು ಮಾತ್ರ. ಸರ್ರ್... ಸರ್ರ್... ನೂರು ಜನ ಒಟ್ಟಿಗೆ ಪಿಸುಗುಟ್ಟಿದ ಹಾಗೆ.

ನಾನು ಪೊಲೀಸ್ ಇಲಾಖೆಯಲ್ಲಿದ್ದವಳು. ಬಿಟ್ಟ ಮೇಲೂ ಮಾಡಿದ್ದು ಪತ್ತೆದಾರಿ ಕೆಲಸವೇ. ಚಾಕು ನೋಡಿದ್ದೇನೆ, ಆ್ಯಸಿಡ್ ಬಾಟಲಿ ನೋಡಿದ್ದೇನೆ. ಆದರೆ ಊಟದ ವಸ್ತುವೇ ನನ್ನನ್ನು ಉಣ್ಣಲು ಬಂದದ್ದು ಅದೇ ಮೊದಲು. ಹೆದರಿದ್ದೆ. ಸುಳ್ಳು ಯಾಕೆ ಹೇಳಲಿ?

ಅಲ್ಲಿಗೆ ಹೇಗೆ ಬಂದೆ ಎನ್ನುವುದನ್ನು ಹೇಳಿಬಿಡುತ್ತೇನೆ. ಗೋಧಿ ಸೊಂಟಕ್ಕೆ ಬರುವಷ್ಟರಲ್ಲಿ ಮುಗಿಯುತ್ತದೆ.

ಅವತ್ತು ಬೆಳಿಗ್ಗೆ ಆ ಬೀಜದ ಕಂಪನಿಯ ಮ್ಯಾನೇಜರ್ ನನ್ನನ್ನು ಕರೆಸಿದ್ದ. ತಣ್ಣನೆಯ ಕೋಣೆ. ಗಾಜಿನ ಭರಣಿಗಳಲ್ಲಿ ಗೋಧಿ, ಆಭರಣದ ಅಂಗಡಿಯ ಹಾಗೆ ಕೆಳಗಿನಿಂದ ದೀಪ ಹಾಕಿ ಇಟ್ಟಿದ್ದರು. ಪಕ್ಕದಲ್ಲಿ ಅವರ ವಿಜ್ಞಾನಿ ಕೂತಿದ್ದರು. ಸಣ್ಣ ಹೆಂಗಸು, ದೊಡ್ಡ ಕನ್ನಡಕ, ಯಾವಾಗಲೂ ಯಾರೋ ಗದರಿಸುತ್ತಾರೆ ಎನ್ನುವ ಮುಖ. ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ನಾನು ಒಮ್ಮೆ ಕೆಮ್ಮಿದೆ. ಆಕೆ ಮಾತಿಲ್ಲದೆ ಎದ್ದು, ಎ.ಸಿ. ಗಾಳಿ ನನಗೆ ಹೊಡೆಯದ ಹಾಗೆ ಅದರ ಮುಖ ತಿರುಗಿಸಿ ಬಂದರು. ಆ ಕೋಣೆಯಲ್ಲಿ ನನ್ನ ಕೆಮ್ಮು ಕೇಳಿಸಿದ್ದು ಅವರೊಬ್ಬರಿಗೇ.

"ನಮ್ಮ ಒಂದು ಚೀಲ ಕಳುವಾಗಿದೆ," ಎಂದ ಮ್ಯಾನೇಜರ್. "ಕಳ್ಳ ಬೇಕು. ಸದ್ದಿಲ್ಲದೆ."

"ಚೀಲದಲ್ಲಿ ಏನಿತ್ತು?"

"ಹಿಟ್ಟು."

"ಹಿಟ್ಟಿಗೆ ಪತ್ತೆದಾರಳೇ?"

ಡಾಕ್ಟರಮ್ಮ ಮೆಲ್ಲನೆ ಬಾಯಿ ಬಿಟ್ಟರು. "ಗೋಧಿ ತನ್ನ ಮೊಳಕೆಗೆ ಬೇಕು ಅಂತ ಕಾಳೊಳಗೆ ಪ್ರೋಟೀನ್ ಕೂಡಿಡುತ್ತೆ ಮೇಡಂ. ನಾವು ಅದರ ಜೀನ್‌ಗೆ ಆ ಜಾಗದಲ್ಲೇ ಕತ್ತರಿ ಹಾಕಿ, ಬೇರೆ ಪ್ರೋಟೀನ್ ಮಾಡೋ ಪಾಠ ಸೇರಿಸ್ತೀವಿ. ಆಮೇಲೆ ಹೊಲವೇ ಫ್ಯಾಕ್ಟರಿ, ಕಾಳೇ ಡಬ್ಬಿ. ಫ್ರಿಜ್ ಬೇಡ. ವರ್ಷಗಟ್ಟಲೆ ಕೆಡಲ್ಲ. ನೋಡೋಕೂ ಮಾಮೂಲಿ ಗೋಧಿ ತರಾನೇ..."

"ಯಾವ ಪ್ರೋಟೀನ್?"

"ಅದು ಕಂಪನಿ ಗುಟ್ಟು," ಎಂದು ಮ್ಯಾನೇಜರ್ ನಡುವೆ ಬಾಯಿ ಹಾಕಿದ.

ವಿಷಯ ಇಷ್ಟು. ಆ ಗೋಧಿಯನ್ನು ಪರೀಕ್ಷೆಗೆಂದು ಹೊರಗಿನ ಒಂದು ಸಣ್ಣ ಗಿರಣಿಯಲ್ಲಿ ಮೊದಲ ಸಲ ಬೀಸಿಸಿದ್ದರು. ಬೀಸಿದ ಮೇಲೆ ಯಂತ್ರದ ಸಂದುಗಳಲ್ಲಿ ಹಿಟ್ಟು ಉಳಿಯುತ್ತದೆ. ಅದನ್ನು ತೆಗೆಯಲು ಮಾಮೂಲಿ ಗೋಧಿ ಹಾಕಿ ಒಂದು ಸುತ್ತು ಓಡಿಸಬೇಕು. ಗಿರಣಿ ತೊಳೆಯುವುದು ಎಂದರೆ ಅದೇ. ಹಾಗೆ ತೊಳೆದ ಹಿಟ್ಟಿನಲ್ಲಿ ಅವರ ಪ್ರೋಟೀನ್ ಬೆರೆತಿರುತ್ತದೆ. ಅದು ಚೀಲದಲ್ಲಿ ವಾಪಸ್ ಬರಬೇಕು, ಸುಟ್ಟು ಬೂದಿಯಾಗಬೇಕು. ಚೀಲವೇನೋ ಬಂತು. ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಒಳಗಿದ್ದದ್ದು ಬರೀ ನೆಲದ ಕಸ!

ಯಾರೋ ಅದಲುಬದಲು ಮಾಡಿದ್ದಾರೆ. ಎದುರಾಳಿ ಕಂಪನಿಯ ಕೈವಾಡ ಎಂದು ಮ್ಯಾನೇಜರನ ಲೆಕ್ಕ.

ನಾನು ನೇರ ಗಿರಣಿಗೆ ಹೋದೆ.

ಗಿರಣಿಯ ಯಜಮಾನ ಒಬ್ಬ ಅಜ್ಜ. ಹುಬ್ಬಿನ ಮೇಲೆ ಹಿಟ್ಟು, ಕಿವಿಯ ಮೇಲೆ ಹಿಟ್ಟು. ಲೋಟವನ್ನು ಎರಡೆರಡು ಸಲ ತೊಳೆದು ನನಗೆ ನೀರು ಕೊಟ್ಟರು. ಇಂಥವರ ಮೇಲೆ ಜೋರು ಮಾಡುವುದು ಕಷ್ಟ. ಆದರೂ ಮಾಡಿದೆ.

"ಸುಡಬೇಕಾದ ಹಿಟ್ಟು ಎಲ್ಲಿ ಅಜ್ಜಾ?"

"ಸುಡೋದಾ? ಹಿಟ್ಟನ್ನಾ?" ಮಗುವನ್ನು ಒಲೆಗೆ ಹಾಕು ಅಂದೆನೋ ಎನ್ನುವಂತೆ ನನ್ನನ್ನು ನೋಡಿದರು. "ಗಿರಣಿ ತೊಳೆದ ಹಿಟ್ಟನ್ನ ನಮ್ಮಪ್ಪನ ಕಾಲದಿಂದಲೂ ಬಿಸಾಕಿಲ್ಲಮ್ಮ. ಅದು ಮಾರೋ ಹಿಟ್ಟಲ್ಲ, ಕೊಡೋ ಹಿಟ್ಟು. ಯಾರಿಗೆ ಬೇಕೋ ಅವರಿಗೆ ಕೊಡೋದು. ಎಲ್ಲಾ ಗಿರಣೀಲೂ ಹಾಗೇ."

"ಮತ್ತೆ ಕಂಪನಿಗೆ ಕಳಿಸಿದ ಚೀಲ?"

"ಹೇಗಿದ್ರೂ ಸುಡ್ತಾರಂತಲ್ಲ... ಗುಡಿಸಿದ ಕಸ ತುಂಬಿ ಕಳಿಸ್ದೆ!" ಅಜ್ಜ ಬೊಚ್ಚು ಬಾಯಿ ಬಿಟ್ಟು ನಕ್ಕರು. ಕಂಪನಿಗೆ ಟೋಪಿ ಹಾಕಿದ ಸಂತೋಷ.

ನನಗೂ ನಗು ಬಂತು. ಕಳ್ಳನನ್ನು ಹುಡುಕಿ ಎಂದಿದ್ದರು. ಕಳ್ಳನೇ ಇರಲಿಲ್ಲ. ಇದ್ದದ್ದು ಹಿಟ್ಟು ಎಸೆಯಲು ಮನಸ್ಸು ಬಾರದ ಒಬ್ಬ ಮುದುಕ.

"ಯಾರಿಗೆ ಕೊಟ್ರಿ?"

"ಬ್ರೆಡ್ ಅಜ್ಜಿಗೆ. ಹಳೇ ಬಸ್ ಡಿಪೋ ಹಿಂದಿನ ಓಣಿ. ಪಾಪ, ಮೊಟ್ಟೆ ಆಗದೇ ಇರೋ ಮಕ್ಕಳಿಗೆ ಅಂತಲೇ ಬೇಕರಿ ಇಟ್ಕೊಂಡಿದ್ದಾಳೆ. ಅವಳ ಮೊಮ್ಮಗಳಿಗೂ ಆಗಲ್ಲ. ಮೊಟ್ಟೆ ವಾಸನೆ ಸೋಕಿದ್ರೂ ಉಸಿರು ಕಟ್ಟುತ್ತಂತೆ. ಇವತ್ತು ಬೆಳಿಗ್ಗೆ ತಾನೇ ಹೊತ್ಕೊಂಡು ಹೋದಳು. ಸಂಜೆ ಸ್ಕೂಲ್ ಬಿಟ್ಟ ಮೇಲೆ ಮಕ್ಕಳಿಗೆಲ್ಲ ಬಿಸಿ ಬ್ರೆಡ್ ಕೊಡ್ತಾಳೆ."

ನಗುತ್ತಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಕಳ್ಳ ಇಲ್ಲ, ಗಿರಣಿ ಅಜ್ಜ, ಬ್ರೆಡ್ ಅಜ್ಜಿ, ಮೊಟ್ಟೆ ಇಲ್ಲದ ಬೇಕರಿ... ಎಲ್ಲ ಹೇಳಿದೆ.

ಆ ಕಡೆ ಏನೋ ಬಿದ್ದು ಒಡೆದ ಸದ್ದು.

"ಡಾಕ್ಟರಮ್ಮಾ?"

"ಮೇಡಂ... ನಾವು ಆ ಕಾಳಲ್ಲಿ ತುಂಬಿರೋದೇ... ಮೊಟ್ಟೆ."

"ಏನಂದ್ರಿ?!"

"ಮೊಟ್ಟೆಯ ಬಿಳಿ ಭಾಗದ ಪ್ರೋಟೀನ್. ಕೋಳಿ ಇಲ್ಲದೆ ಮೊಟ್ಟೆ... ಅದೇ ನಮ್ಮ ಪ್ರಾಜೆಕ್ಟ್. ಬೇಯಿಸಿದ್ರೂ ಹಾಳಾಗಲ್ಲ. ಹಾಳಾಗಬಾರದು ಅಂತಲೇ ಅದನ್ನ ಆರಿಸಿದ್ವಿ..."



ಲೋಕದಲ್ಲಿ ಎಷ್ಟು ಬೇಕರಿ ಇದ್ದವು! ಯಾವುದಕ್ಕೆ ಕೊಟ್ಟಿದ್ದರೂ ನಡೆಯುತ್ತಿತ್ತು. ಒಳ್ಳೆಯತನ ಹುಡುಕಿ ಹುಡುಕಿ ಅದೇ ಒಂದು ಬಾಗಿಲಿಗೆ ಹೋಗಿತ್ತು.

ಅಷ್ಟರಲ್ಲಿ ಫೋನಿನಲ್ಲಿ ಮ್ಯಾನೇಜರನ ದನಿ. ಜೇನಿನಂಥ ದನಿ. "ಗಾಬರಿ ಬೇಡ ಮೇಡಂ. ಬೇಕರಿಗೆ ನಾನು ಈಗಲೇ ಕಾರು ಕಳಿಸ್ತೀನಿ, ಎಲ್ಲಿದೆ ಹೇಳಿ. ನೀವು ಇಲ್ಲಿಗೆ ಬನ್ನಿ. ಅಲರ್ಜಿಗೆ ಕೊಡೋ ಇಂಜೆಕ್ಷನ್ ನಮ್ಮಲ್ಲಿದೆ. ಯಾವ ಮಗುವಾದ್ರೂ ಆಗಲೇ ತಿಂದಿದ್ರೆ ಬೇಕಾಗುತ್ತಲ್ಲ!"

ನಂಬಿದೆ. ಜಾಗ ಹೇಳಿದೆ. ಓಡಿದೆ.

ಗೇಟಿನಲ್ಲಿ ನೆಕ್‌ಟೈ ಕಾದಿದ್ದ. "ಔಷಧಿ ಪೆಟ್ಟಿಗೆ ಕಣಜದ ಮೇಲಿನ ಕಟ್ಟೇಲಿದೆ ಅಕ್ಕಾ, ಬನ್ನಿ ಬನ್ನಿ!" ಹತ್ತಿದೆ. ಕೆಂಪು ಪೆಟ್ಟಿಗೆ ಇತ್ತು. ತೆರೆದೆ. ಖಾಲಿ! ತಿರುಗುವ ಮೊದಲೇ ನನ್ನ ಫೋನ್ ಅವನ ಕೈಯಲ್ಲಿತ್ತು. ಮರುಕ್ಷಣ ನಾನು ಗಾಳಿಯಲ್ಲಿದ್ದೆ.

ಬೀಳುವಾಗ ಎಲ್ಲ ಅರ್ಥವಾಯಿತು. ಬೇಕರಿಗೆ ಯಾವ ಕಾರೂ ಹೋಗಿಲ್ಲ. ಮಕ್ಕಳು ತಿನ್ನಲಿ. ಉಸಿರು ಕಟ್ಟಲಿ. ಮೊಟ್ಟೆಯೇ ಇಲ್ಲದ ಬೇಕರಿಯ ಬ್ರೆಡ್ಡಿನಲ್ಲಿ ಮೊಟ್ಟೆಯನ್ನು ಹುಡುಕುವವರು ಯಾರು? ಕಂಪನಿಯ ಹೊರಗೆ ಹಿಟ್ಟನ್ನು ಅನುಮಾನಿಸುವವಳು ಒಬ್ಬಳೇ. ಅವಳು ಗೋಧಿಯ ಕೆಳಗೆ!

ಸೊಂಟಕ್ಕೆ ಬಂತು.

ಬೆರಳುಗಳು ಜಾರುತ್ತಿದ್ದವು. ಒಂದು ಬಿಟ್ಟಿತು... ಇನ್ನೊಂದು...

ಟಕ್!

ಮೋಟಾರು ನಿಂತಿತು.

ಮೇಲೆ ಮುಚ್ಚಳ ಕಿರುಗುಟ್ಟಿತು. ಬೆಳಕು. ದೊಡ್ಡ ಕನ್ನಡಕ!

"ಮೇಡಂ! ಇದ್ದೀರಾ?"

"ಅರ್ಧ ಇದ್ದೀನಿ!"

ಡಾಕ್ಟರಮ್ಮ ಏಣಿ ಇಳಿದರು. ಎತ್ತರ ಕಂಡರೆ ಆಗದವರಂತೆ, ಕಣ್ಣು ಮುಚ್ಚಿಕೊಂಡೇ ಇಳಿದರು. ಪ್ರತಿ ಮೆಟ್ಟಿಲಿಗೂ "ಅಮ್ಮಾ... ಅಮ್ಮಾ..." ತಮ್ಮ ಬಿಳಿ ಕೋಟನ್ನು ಹಗ್ಗದಂತೆ ಹೊಸೆದು ನನ್ನ ಕಂಕುಳಿಗೆ ಸುತ್ತಿ ಏಣಿಗೆ ಕಟ್ಟಿದರು. ಪ್ಲಾಸ್ಟಿಕ್ ತಟ್ಟೆಯಿಂದ ಕಾಳು ಬಗೆದರು. ಬಗೆದಷ್ಟೂ ಬಂದು ತುಂಬುತ್ತಿತ್ತು. ಆಕೆ ಅಳುತ್ತಲೇ ಬಗೆದರು. ನಾನು ಬೈಯುತ್ತಲೇ ಎಳೆದೆ. ಕೊನೆಗೆ ಬೂಟುಗಳನ್ನು ಗೋಧಿಗೇ ಬಿಟ್ಟುಕೊಟ್ಟು ಬರಿಗಾಲಲ್ಲಿ ಮೇಲೆ ಬಂದೆ.

"ನಿಮಗೆ ಹೇಗೆ ಗೊತ್ತಾಯ್ತು?"

"ಮ್ಯಾನೇಜರ್ ನನ್ನ ಲ್ಯಾಬಿನ ಇಂಜೆಕ್ಷನ್ ಬೀರುಗೆ ಬೀಗ ಹಾಕ್ಸಿದ್ರು. ಯಾಕೆ ಅಂತ ಕೇಳಿದ್ರೆ ನಕ್ಕರು. ಕಿಟಕೀಲಿ ನೋಡಿದ್ರೆ ಕಣಜ ಹತ್ತಿದ ನೀವು ಇಳಿದಿಲ್ಲ, ನೆಕ್‌ಟೈ ಒಬ್ಬನೇ ಇಳಿದ." ಮೂಗೊರೆಸಿಕೊಂಡರು. "ಗಾಜು ಒಡೆದೆ. ಒಂದೇ ಸಿಕ್ಕಿತು."

ಅಂಗೈ ತುಂಬ ರಕ್ತ. ಬೆರಳ ನಡುವೆ ಪೆನ್ನಿನಂಥ ಒಂದು ಇಂಜೆಕ್ಷನ್.

ಹಿಂದಿನ ಗೇಟಿನಿಂದ ಅವರ ಪುಟಾಣಿ ಕಾರಿನಲ್ಲಿ ಹೊರಬಿದ್ದೆವು. ಆಕೆಯ ಫೋನ್ ಮ್ಯಾನೇಜರನ ಮೇಜಿನ ಮೇಲೇ ಉಳಿದಿತ್ತು. ಡ್ರೈವಿಂಗ್ ಆಕೆಯದೇ. ನನ್ನ ಕಾಲು ಇನ್ನೂ ಮರಗಟ್ಟಿತ್ತು.

ಮೊದಲ ಸಿಗ್ನಲ್ಲಿನಲ್ಲಿ ಕಾರು ನಿಂತಿತು!

"ಯಾಕೆ ನಿಲ್ಸಿದ್ರಿ?!"

"ಕೆಂಪು ದೀಪ..."

"ಡಾಕ್ಟರಮ್ಮಾ! ಸತ್ತವರಿಗೆ ಯಾರೂ ದಂಡ ಹಾಕಲ್ಲ! ಹೊಡೀರಿ!"

ಕನ್ನಡಿಯಲ್ಲಿ ನೋಡಿದೆ. ಕಪ್ಪು ಕಾರು. ಸ್ಟೀರಿಂಗಿನ ಹಿಂದೆ ಒಂದು ಬಿಗಿದ ಟೈ ಗಂಟು.

"ಬಂದ!"

ಆಕೆ ಚೀರಿದರು. ಕಾರೂ ಚೀರಿತು. ತರಕಾರಿ ಗಾಡಿಯ ಪಕ್ಕದಿಂದ, ಬಸ್ಸಿನ ಮೂತಿಯ ಮುಂದಿನಿಂದ, ಒಮ್ಮೆ ಫುಟ್‌ಪಾತಿನ ಮೇಲಿನಿಂದ! "ಕ್ಷಮಿಸಿ... ಕ್ಷಮಿಸಿ..." ಎಂದು ಎಲ್ಲರಿಗೂ ಕಿಟಕಿಯಿಂದ ಹೇಳುತ್ತಲೇ ಆ ಪುಣ್ಯಾತ್ಗಿತ್ತಿ ಓಡಿಸಿದರು. ಕಪ್ಪು ಕಾರು ಹಿಂದಿನಿಂದ ಗುದ್ದಿತು. ಗಾಜು ಪುಡಿ. ಇನ್ನೊಮ್ಮೆ ಗುದ್ದಿತು. ಡಿಪೋದ ಗೋಡೆಗೆ ಉಜ್ಜಿಕೊಂಡು ನಮ್ಮ ಕಾರು ಓಣಿಯ ಬಾಯಲ್ಲಿ ಸತ್ತುಹೋಯಿತು.

ಎದುರಿಗೆ ನೀಲಿ ಬಾಗಿಲು. ಬಿಸಿ ಬ್ರೆಡ್ಡಿನ ವಾಸನೆ.

ಅಷ್ಟು ಒಳ್ಳೆಯ ವಾಸನೆಗೆ ನಾನು ಅಷ್ಟು ಹೆದರಿದ್ದು ಅದೇ ಮೊದಲು.

ಒಳಗೆ ನುಗ್ಗಿದೆ. ಬೆಂಚುಗಳ ತುಂಬ ಮಕ್ಕಳು. ಕಾಲ ಬಳಿ ಸ್ಕೂಲ್ ಬ್ಯಾಗು. ಎದುರಿಗೆ ತಟ್ಟೆ. ತಟ್ಟೆಯಲ್ಲಿ ದಪ್ಪ ದಪ್ಪ ತುಂಡು. ಒಬ್ಬಳು ತನ್ನ ತುಂಡನ್ನು ಊದುತ್ತಿದ್ದಳು... ಬಾಯಿ ತೆರೆದಳು...

"ಯಾರೂ ತಿನ್ನಬೇಡಿ!"

ಆ ಹುಡುಗಿಯ ಕೈಯಿಂದ ಕಿತ್ತುಕೊಂಡೆ. ಅವಳು ಹೋ ಎಂದು ಅತ್ತಳು. ಎಲ್ಲರೂ ಅತ್ತರು. ಅಳದೇ ಏನು ಮಾಡಿಯಾರು? ಬರಿಗಾಲಿನ ಹೆಂಗಸು, ತಲೆ ತುಂಬ ಗೋಧಿ.

"ಯಾರೇ ನೀನು?" ಬ್ರೆಡ್ ಅಜ್ಜಿ ಚಾಕು ಹಿಡಿದೇ ಬಂದರು. "ಮಕ್ಕಳ ಬಾಯಿಂದ ಕಿತ್ಕೊಳ್ತೀಯಲ್ಲ, ನಾಚಿಕೆ ಆಗಲ್ವಾ?"

"ಅಜ್ಜೀ, ಈ ಬ್ರೆಡ್ಡಲ್ಲಿ ಮೊಟ್ಟೆ ಇದೆ!"

"ಬಾಯಿ ಮುಚ್ಚು! ಈ ಮನೆ ಹೊಸ್ತಿಲು ಒಂದು ಮೊಟ್ಟೆ ದಾಟಿಲ್ಲ! ಯಾರು ಹೇಳಿಕೊಟ್ಟು ಕಳಿಸಿದ್ರು ನಿಂಗೆ?"

"ಹಿಟ್ಟಲ್ಲೇ ಇದೆ..."

"ಹಿಟ್ಟಲ್ಲಿ ಮೊಟ್ಟೆಯಂತೆ! ಕುಡಿದಿದ್ದೀಯಾ?"

ಆಗ ಅಡುಗೆಮನೆಯ ಬಾಗಿಲಿಂದ ಒಂದು ಸಣ್ಣ ದನಿ.

"ಅಜ್ಜೀ... ಗಂಟಲೊಳಗೆ ಏನೋ ಚುಚ್ತಾ ಇದೆ."

ಚುಕ್ಕಿ. ಅಜ್ಜಿಯ ಮೊಮ್ಮಗಳು. ಆರೇಳು ವರ್ಷವಿರಬಹುದು. ಮೊದಲ ಬ್ರೆಡ್ಡಿನ ತುದಿ ಯಾವಾಗಲೂ ಅವಳಿಗೇ. ಕೈಯಲ್ಲಿ ಕಚ್ಚಿದ ತುದಿ. ತುಟಿ ಊದಿ ಬೇರೆ ಯಾರದೋ ತುಟಿಯಾಗಿತ್ತು. ಕತ್ತಿನ ಮೇಲೆ ಕೆಂಪು ದದ್ದು ನೋಡನೋಡುತ್ತ ಮೇಲಕ್ಕೆ ಏರುತ್ತಿತ್ತು.

ಅಜ್ಜಿಯ ಕೈಯ ಚಾಕು ನೆಲಕ್ಕೆ ಬಿತ್ತು.

ಡಾಕ್ಟರಮ್ಮ ನನ್ನನ್ನು ತಳ್ಳಿಕೊಂಡು ಮುಂದೆ ಬಂದರು. ಮಂಡಿಯೂರಿದರು. "ಪುಟ್ಟೀ, ಒಂದೇ ಒಂದು ಸಲ ಚುಚ್ಚುತ್ತೆ. ಆಮೇಲೆ ನನಗೆ ಎಷ್ಟು ಬೇಕಾದ್ರೂ ಬೈ." ತೊಡೆಗೆ ಒತ್ತಿ ಹಿಡಿದರು.

"ಇದು ಸ್ವಲ್ಪ ಹೊತ್ತು ಮಾತ್ರ," ಎಂದು ನನ್ನ ಕಡೆ ತಿರುಗಿದರು. "ಆಸ್ಪತ್ರೆ... ಈಗಲೇ!"

ಚುಕ್ಕಿಯನ್ನು ಎತ್ತಿಕೊಂಡು ಹೊರಗೆ ಓಡಿದೆ. ಅಜ್ಜಿ ಹಿಂದೆಯೇ. ಡಾಕ್ಟರಮ್ಮ ಒಳಗೇ ನಿಂತು ಮಕ್ಕಳ ತಟ್ಟೆ ಎಳೆದುಕೊಳ್ಳುತ್ತಿದ್ದರು. ಕೈ ತೊಳೆಸುತ್ತಿದ್ದರು. "ಯಾರು ತಿಂದ್ರಿ? ನಾಲಿಗೆ ತೋರಿಸಿ!"

ಓಣಿಯ ಬಾಯಲ್ಲಿ ನಮ್ಮ ಕಾರಿನ ಹೆಣ. ಅದರಾಚೆ ಕಪ್ಪು ಕಾರು. ಅದಕ್ಕೆ ಒರಗಿ ನೆಕ್‌ಟೈ. ಕೈಯಲ್ಲಿ ಕಬ್ಬಿಣದ ರಾಡು.

ಬೇರೆ ದಾರಿಯಿಲ್ಲ. ಬೇರೆ ಗಾಡಿಯೂ ಇಲ್ಲ.

ನಾನು ಅವನ ಕಡೆಗೇ ನಡೆದೆ.

"ಬಾಗಿಲು ತೆಗಿ."

"ಅಕ್ಕಾ, ನನ್ನ ಕೆಲಸ..."

"ನೋಡೋಕೆ ಆಗಲ್ಲ ಅಂದ್ಯಲ್ಲ? ನೋಡು! ಈಗ ಮುಚ್ಚೋಕೆ ಮುಚ್ಚಳ ಇಲ್ಲ!"

ಚುಕ್ಕಿಯನ್ನು ಅವನ ಎದೆಗೆ ಹಿಡಿದೆ. ಅವಳ ಉಸಿರು ಸೀಟಿ ಹೊಡೆಯುತ್ತಿತ್ತು. ಅವನು ನೋಡಿದ. ಬೇಡವೆಂದರೂ ನೋಡಿದ.

ರಾಡು ನೆಲಕ್ಕೆ ಬಿದ್ದ ಸದ್ದು ಓಣಿಯ ತುಂಬ ಕೇಳಿಸಿತು.

ಆ ಕಾರು ಹೋದ ವೇಗವನ್ನು ನಾನು ವರ್ಣಿಸುವುದಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ಡ್ಯಾಶ್‌ಬೋರ್ಡಿನ ಮೇಲೆ ಅವನ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಮ್ಯಾನೇಜರ್. ಮತ್ತೆ ಮ್ಯಾನೇಜರ್.

ಹಿಂದಿನ ಸೀಟಿನಲ್ಲಿ ಅಜ್ಜಿಯ ಮಡಿಲಿಂದ ಚುಕ್ಕಿ ಅರೆಗಣ್ಣು ತೆರೆದಳು. "ಅಂಕಲ್..." ಸೀಟಿಯ ನಡುವೆ ಮಾತು. "ನಿಮ್ಮ ಕೈ... ನಡುಗ್ತಾ ಇದೆ... ನಿಧಾನ..."

ನೆಕ್‌ಟೈ ಒಂದು ಕೈಯಿಂದ ಕತ್ತಿನ ಗಂಟು ಕಿತ್ತು ಕಿಟಕಿಯಾಚೆ ಎಸೆದ. ಫೋನನ್ನೂ ಎಸೆಯಹೋದ.

"ಏಯ್!" ಎಂದೆ. "ಅದು ಸಾಕ್ಷಿ ಕಣೋ!"

ಫೋನ್ ನನ್ನ ಮಡಿಲಿಗೆ ಹಾಕಿದ.

ಆಸ್ಪತ್ರೆ. ಬಿಳಿ ಬಾಗಿಲು. ಚಕ್ರದ ಮಂಚ. ಮುಖಕ್ಕೆ ಆಮ್ಲಜನಕ. ಯುವ ವೈದ್ಯನೊಬ್ಬ ಓಡುತ್ತಲೇ ಕೇಳಿದ, "ಏನು ತಿಂದಳು?"

"ಬ್ರೆಡ್ಡು. ನಾನೇ ಮಾಡಿದ್ದು. ಮೊಟ್ಟೆ ಹಾಕಿಲ್ಲ ಸ್ವಾಮಿ, ದೇವರಾಣೆಗೂ ಹಾಕಿಲ್ಲ..." ಅಜ್ಜಿ ಎದೆ ಬಡಿದುಕೊಂಡರು.

"ಗೋಧಿಯೊಳಗೇ ಮೊಟ್ಟೆ ಇತ್ತು," ಎಂದೆ.

ವೈದ್ಯ ನನ್ನ ತಲೆಯ ಗೋಧಿ ನೋಡಿದ. ಬರಿಗಾಲು ನೋಡಿದ. ಇವಳಿಗೆ ಬೇರೆ ವಾರ್ಡು ಬೇಕು ಎಂದುಕೊಂಡಿರಬೇಕು.

"ಅವರು ಹೇಳ್ತಿರೋದು ನಿಜ," ಎಂದ ನೆಕ್‌ಟೈ, ಗೋಡೆ ನೋಡುತ್ತ. "ನಾನು ಅದೇ ಕಂಪನಿಯವನು. ಬರ್ಕೊಳ್ಳಿ. ಇನ್ನೂ ಮಕ್ಕಳಿದ್ದಾರೆ ಅಲ್ಲಿ. ಆಂಬುಲೆನ್ಸ್ ಕಳಿಸಿ."

ಬಿಳಿ ಬಾಗಿಲು ಮುಚ್ಚಿತು.

ಕಾದೆವು. ಕಣಜದ ಕತ್ತಲೆಯೇ ವಾಸಿ ಎನಿಸಿತು. ಅಲ್ಲಿ ಸಾಯಬೇಕಾದವಳು ನಾನಾಗಿದ್ದೆ.

ಉಳಿದ ಮಕ್ಕಳನ್ನು ಕರೆದುಕೊಂಡು ಡಾಕ್ಟರಮ್ಮ ಬಂದರು. ಇಬ್ಬರಿಗೆ ಮೈ ತುರಿಕೆ, ಅಷ್ಟೇ. ಉಳಿದವರಿಗೆ ಬರೀ ಹಸಿವು. ನಾನು ನೆಕ್‌ಟೈ ಫೋನಿಂದ ನನ್ನ ಹಳೆಯ ಇಲಾಖೆಗೆ ಕರೆ ಮಾಡಿದೆ. ಮ್ಯಾನೇಜರ್ ಕಳಿಸಿದ ಸಂದೇಶವೊಂದು ಅದರಲ್ಲಿ ಹಾಗೇ ಇತ್ತು: ‘ಹೆಂಗಸಿನ ಕೆಲಸ ಮುಗೀತಾ?’ ಮೂರೇ ಮಾತು. ಪೊಲೀಸರಿಗೆ ಅಷ್ಟು ಸಾಕಾಯಿತು. ಭರಣಿಗಳ ದೀಪ ಆರಿಸುವ ಮೊದಲೇ ಅವನನ್ನು ಕರೆದೊಯ್ದರಂತೆ.

ಅಜ್ಜಿ ನನ್ನ ತೋಳು ಹಿಡಿದರು. "ಗಿರಣಿಯವರಿಗೆ ಹೇಳಬೇಡಮ್ಮ. ಪಾಪ, ಆ ಜೀವ ತಡ್ಕೊಳ್ಳಲ್ಲ."

ಮೊಮ್ಮಗಳು ಒಳಗೆ ಉಸಿರಿಗೆ ಹೋರಾಡುತ್ತಿದ್ದಳು. ಇವರಿಗೆ ಗಿರಣಿ ಅಜ್ಜನ ಚಿಂತೆ! ಆದರೆ ಹೇಳದೇ ಇರಲಾದೀತೇ? ಗಿರಣಿ ನಿಲ್ಲಿಸಬೇಕಿತ್ತು. ಹೇಳಿದೆ. ಫೋನಿನ ಆ ಕಡೆ ಅಜ್ಜನ ಯಂತ್ರದ ಸದ್ದು ನಿಧಾನಕ್ಕೆ ಇಳಿದು ನಿಂತದ್ದು ಕೇಳಿಸಿತು.

ಆಗ ಬಿಳಿ ಬಾಗಿಲು ತೆರೆಯಿತು.

ವೈದ್ಯ ಮುಖಗವಸು ಕೆಳಗಿಳಿಸಿ ನಕ್ಕ. ಅಜ್ಜಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನೆಕ್‌ಟೈ ಗೋಡೆಗೆ ಮುಖ ಕೊಟ್ಟು ನಿಂತ. ಅವನನ್ನು ಕರೆದೊಯ್ಯಲು ಬಂದಿದ್ದ ಪೊಲೀಸನೊಬ್ಬ ಅವನಿಗೆ ತನ್ನ ಕರವಸ್ತ್ರ ಕೊಟ್ಟ. ಕೈಕೋಳ ಹಾಕುವ ಮೊದಲು.

ನಾವು ಮೂವರು ಹೆಂಗಸರು ಒಳಗೆ ಹೋದೆವು. ಚುಕ್ಕಿಯ ತುಟಿ ಮತ್ತೆ ಅವಳದೇ ಆಗಿತ್ತು. ಕಣ್ಣು ಬಿಟ್ಟಳು.

"ಅಜ್ಜೀ, ಹಸಿವು."

ನರ್ಸಮ್ಮ ಒಳ್ಳೆಯವರು. ಕೇಳುವ ಮೊದಲೇ ತಟ್ಟೆ ತಂದಿಟ್ಟರು. ಮೆತ್ತನೆಯ ಎರಡು ತುಂಡು ಬ್ರೆಡ್ಡು, ಪಕ್ಕದಲ್ಲಿ ಒಂದು ಬಾಳೆಹಣ್ಣು.

ಯಾರ ಕೈಯೂ ಮುಂದೆ ಹೋಗಲಿಲ್ಲ. ಕಬ್ಬಿಣದ ರಾಡಿನ ಎದುರು ನಡೆದವಳು ನಾನು, ಬ್ರೆಡ್ಡಿನ ಎದುರು ಒಂದು ಹೆಜ್ಜೆ ಹಿಂದೆ ಸರಿದೆ. ಬಾಳೆಹಣ್ಣು ಎತ್ತಿಕೊಂಡು ಸುಲಿದೆ. ಅರ್ಧ ಸುಲಿದು ನಿಲ್ಲಿಸಿದೆ.

"ಡಾಕ್ಟರಮ್ಮಾ... ಇದರ ಜೀನ್‌ಗಿನ್ನೂ ಯಾರೂ ಕತ್ತರಿ ಹಾಕಿಲ್ಲ ತಾನೇ?"

ಇಲ್ಲ ಎಂದರು. ಆದರೆ ಹೇಳುವ ಮುನ್ನ ಸ್ವಲ್ಪ ಹೆಚ್ಚೇ ಯೋಚಿಸಿದರು.